ತಣ್ಣನೆಯ ಹನಿ

ನಮ್ಮ ಮನೆಯಲ್ಲಿ ತಣ್ಣಗಿನ ಕೈಗೆ ಮರ್ಯಾದೆ ಇರಲಿಲ್ಲ. ಹೊರಗಿನಿಂದ ಬಂದವರು ಯಾರೇ ಇರಲಿ, ಕೂಸಿರುವ ಕೋಣೆಗೆ ಕಾಲಿಡುವ ಮುಂಚೆ ಹೊಸ್ತಿಲ ಪಕ್ಕದ ಅಗ್ಗಿಷ್ಟಿಕೆಯ ಮುಂದೆ ಕುಕ್ಕರುಗಾಲಲ್ಲಿ ಕುಳಿತು, ಎರಡೂ ಅಂಗೈಗಳನ್ನು ಕೆಂಡದ ಮೇಲೆ ಹಿಡಿದು, ಕೆನ್ನೆಗೆ ಒತ್ತಿಕೊಂಡು ನೋಡಿ, ಆಮೇಲೆಯೇ ಕೂಸನ್ನು ಮುಟ್ಟಬೇಕು. ಎಣ್ಣೆ ಕಾಯಬೇಕು, ನೀರು ಕಾಯಬೇಕು, ಬಜೆ ತೇಯುವ ಕಲ್ಲು ಕೂಡ ಬೆಚ್ಚಗಿರಬೇಕು. ಇದು ಅಜ್ಜಿಯ ಕಾಯಿದೆ. ಅಜ್ಜಿ ಎಂದರೆ ಅಪ್ಪನ ತಾಯಿ. ಧಾರವಾಡದ ಕಡೆಯ ಹಳ್ಳಿಯಿಂದ ಕಾಗದದ ಮಿಲ್ಲಿನ ಕೆಲಸಕ್ಕೆಂದು ದಾಂಡೇಲಿಗೆ ಬರುವಾಗ ಅಪ್ಪ ಒಂದು ಟ್ರಂಕು, ಒಂದು ಬೀಸುಕಲ್ಲು ಮತ್ತು ಅಜ್ಜಿಯನ್ನು ತಂದಿದ್ದನಂತೆ. ಮೂರರಲ್ಲಿ ಬೀಸುಕಲ್ಲೇ ಹಗುರ ಎಂದು ಅವ್ವ ನಗುತ್ತಿದ್ದಳು, ಅವಳಿನ್ನೂ ನಗುತ್ತಿದ್ದ ಕಾಲದಲ್ಲಿ.

ಮಿಲ್ಲಿನ ಕಾರ್ಮಿಕರ ಲೈನಿನಲ್ಲಿ ನಮ್ಮದು ಕೊನೆಯ ಮನೆ. ಮುಂದೊಂದು ಕೋಣೆ, ಹಿಂದೊಂದು ಅಡುಗೆಮನೆ, ಅದಕ್ಕೆ ಅಂಟಿಕೊಂಡ ಬಚ್ಚಲು, ಬಚ್ಚಲಿನಾಚೆ ಬಿದಿರ ತಟ್ಟಿ ಕಟ್ಟಿದ ಹಿತ್ತಲು. ಕೊನೆಯ ಮನೆಯಾದ್ದರಿಂದ ಹಿತ್ತಲು ಉಳಿದವರದಕ್ಕಿಂತ ನಾಲ್ಕು ಮಾರು ಹೆಚ್ಚಿಗೆ ಇತ್ತು. ಆ ನಾಲ್ಕು ಮಾರು ಅವ್ವನದು. ಒಳಗಿನ ಒಲೆ, ಉಪ್ಪಿನ ಡಬ್ಬಿ, ದೇವರ ಗೂಡು ಎಲ್ಲಕ್ಕೂ ಅಜ್ಜಿಯೇ ಯಜಮಾನಿ. ರೊಟ್ಟಿ ಬಡಿಯುವವಳು ಅವ್ವ, ಎಷ್ಟು ಬಡಿಯಬೇಕೆಂದು ಹೇಳುವವಳು ಅಜ್ಜಿ. ಪುಂಡಿಪಲ್ಯಕ್ಕೆ ಒಗ್ಗರಣೆ ಹಾಕುವವಳು ಅವ್ವ, ಬಾಯಿಗಿಟ್ಟು ಮುಖ ಹುಳ್ಳಗೆ ಮಾಡುವವಳು ಅಜ್ಜಿ. ಹಿತ್ತಲಿನಲ್ಲಿ ಮಾತ್ರ ಅವ್ವನ ಮಾತು ನಡೆಯುತ್ತಿತ್ತು, ಕೇಳುವವರು ಏಳೆಂಟು ಕೋಳಿಗಳೇ ಆದರೂ. ಮಿಲ್ಲಿನ ಭೋಂಗಾ ಕೂಗಿದಾಗಲೆಲ್ಲ ನಮ್ಮ ಹುಂಜ ಅದಕ್ಕೆ ಎದುರುತ್ತರ ಕೊಡುತ್ತಿತ್ತು. ಊರಿಂದ ಬಂದ ನೆಂಟರು ಮಿಲ್ಲಿನ ವಾಸನೆಗೆ ಮೂಗಿಗೆ ಸೆರಗು ಹಿಡಿಯುತ್ತಿದ್ದರು. ನಮಗೆ ಅದು ವಾಸನೆಯೆಂದೇ ಅನಿಸುತ್ತಿರಲಿಲ್ಲ. ಅಪ್ಪನ ಅಂಗಿ, ನನ್ನ ಶಾಲೆಯ ಚೀಲ, ಅವ್ವನ ಕೂದಲು ಎಲ್ಲವೂ ಅದೇ ನಾತ ಬೀರುತ್ತಿದ್ದವು.

ನನಗೆ ಹತ್ತು ತುಂಬಿದ ವರ್ಷ ತಮ್ಮ ಹುಟ್ಟಿದ. ಒಂದೂವರೆ ತಿಂಗಳು ಇದ್ದ. ಅವನ ಹೆಸರನ್ನು ಇಲ್ಲಿ ಬರೆಯಲಾರೆ, ಮನೆಯಲ್ಲಿ ಆಮೇಲೆ ಯಾರೂ ಹೇಳಲಿಲ್ಲ. ಜಡಿಮಳೆ ಹಿಡಿದ ವಾರ ಸೌದೆ ಹಸಿಯಾಗಿ ಬಚ್ಚಲ ಒಲೆ ಹೊಗೆಯಾಡಿದ್ದೇ ಬಂತು, ನೀರು ಕಾಯಲಿಲ್ಲ. ಅಜ್ಜಿ ಆ ದಿನ ಮೊಣಕಾಲು ನೋವೆಂದು ಮಲಗಿದ್ದಳು. ಅವ್ವ ಉಗುರುಬೆಚ್ಚಗಿನ ನೀರಿನಲ್ಲಿಯೇ ಕೂಸಿಗೆ ಎರೆದಳು. ಮೂರನೆಯ ದಿನಕ್ಕೆ ಕೂಸಿನ ಎದೆ ತಿದಿಯ ಹಾಗೆ ಏಳತೊಡಗಿತು. ಅಪ್ಪ ಶಿಫ್ಟು ಬಿಟ್ಟು ಓಡಿ ಬಂದು ದವಾಖಾನೆಗೆ ಒಯ್ದ. ಮರುದಿನ ಬರಿಗೈಲಿ ಬಂದ. ಮೂವತ್ತು ವರ್ಷ ದಾದಿಯ ಕೆಲಸ ಮಾಡಿದವಳಾಗಿ ಈಗ ಹೇಳಬಲ್ಲೆ, ಆ ರೋಗಕ್ಕೂ ಆ ನೀರಿಗೂ ಏನೇನೂ ಸಂಬಂಧವಿಲ್ಲ. ಆದರೆ ಆಗ ನಾನು ದಾದಿಯಾಗಿರಲಿಲ್ಲ, ಮತ್ತು ಅಜ್ಜಿ ಮಣ್ಣು ಮಾಡಿ ಬಂದವರಿಗೆ ನೀರು ಕೊಡುತ್ತಲೇ ಹೇಳಿಬಿಟ್ಟಿದ್ದಳು:

“ತಣ್ಣೀರು ಎರದ್ಲು. ನಾ ಒಂದಿನ ಮಲಗಿದ್ದಕ್ಕ ಇಷ್ಟಾತು ನೋಡ್ರಿ.”

ಅವ್ವ ಎದುರು ಮಾತಾಡಲಿಲ್ಲ. ಅಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ, ಅವಳು ಯಾವ ಮಾತನ್ನೂ ಆಡಲಿಲ್ಲ. ಬೆಳಿಗ್ಗೆ ಎದ್ದು ರೊಟ್ಟಿ ಬಡಿದು, ಅಪ್ಪನ ಡಬ್ಬಿ ಕಟ್ಟಿ, ಹಿತ್ತಲ ಕಟ್ಟೆಯ ಮೇಲೆ ಹೋಗಿ ಕೂರುವಳು. ಮುಂದೆ ತಾಟಿನಲ್ಲಿ ಹಾಕಿಟ್ಟ ರೊಟ್ಟಿ ಒಣಗಿ ಹಪ್ಪಳವಾಗುವುದು. ನಾನು ಶಾಲೆಯಿಂದ ಬಂದಾಗಲೂ ಅಲ್ಲೇ ಇರುವಳು. ಮನೆಯಲ್ಲಿ ತಾಯಿ ಇದ್ದೂ ಇಲ್ಲದ ಹಾಗೆ ಇರುವುದು ಏನೆಂದು ನನಗೆ ಆ ಎರಡು ತಿಂಗಳಲ್ಲಿ ತಿಳಿಯಿತು. ಜಡೆ ಹಾಕಿಸಿಕೊಳ್ಳಲು ಹೋಗಿ ಬೆನ್ನು ಕೊಟ್ಟು ಕೂತರೆ ಬಾಚಣಿಕೆ ಕೂದಲಲ್ಲೇ ಸಿಕ್ಕಿಕೊಂಡಿರುತ್ತಿತ್ತು, ಕೈ ಮುಂದೆ ಸರಿಯುತ್ತಿರಲಿಲ್ಲ.

ಅದೇ ದಿನಗಳಲ್ಲಿ ನಮ್ಮ ಬೂದಿ ಬಣ್ಣದ ಹೇಂಟೆ ಕಾವಿಗೆ ಕೂತಿತ್ತು. ಅದಕ್ಕೆ ಅವ್ವ ಹಿಂದೆಯೇ ಬೂದವ್ವ ಎಂದು ಹೆಸರಿಟ್ಟಿದ್ದಳು, ನಡೆಯುವ ಠೀವಿ ನೋಡಿ. ಬುಟ್ಟಿಗೆ ಬೂದಿ ಹರಡಿ, ಹುಲ್ಲು ಹಾಸಿ, ಗುಡುಗಿಗೆ ತತ್ತಿ ಕೆಡದಿರಲೆಂದು ಒಂದು ಇದ್ದಿಲು, ಒಂದು ಕಬ್ಬಿಣದ ಮೊಳೆ ಇಟ್ಟು, ಹನ್ನೊಂದು ತತ್ತಿ ಇಟ್ಟವಳು ನಾನು, ಅವ್ವ ಮಾಡುತ್ತಿದ್ದದ್ದನ್ನು ನೋಡಿ ಕಲಿತು. ಮೊಳೆಗೂ ಇದ್ದಿಲಿಗೂ ಗುಡುಗು ಬಗ್ಗಲಿಲ್ಲ. ಮೂರು ವಾರ ಕಳೆದು ನಾಲ್ಕನೆಯದು ಮುಗಿದರೂ ಒಂದೂ ಒಡೆಯಲಿಲ್ಲ. ನಾತ ಬರತೊಡಗಿದ ತತ್ತಿಗಳನ್ನು ಅಪ್ಪ ಎತ್ತಿ ಎಸೆದ. ಬೂದವ್ವ ಮಾತ್ರ ಏಳಲಿಲ್ಲ. ಖಾಲಿ ಹುಲ್ಲಿನ ಮೇಲೆಯೇ ರೆಕ್ಕೆ ಹರಡಿಕೊಂಡು, ಹತ್ತಿರ ಹೋದವರಿಗೆ ಗುರುಗುಟ್ಟುತ್ತಾ ಕೂತಿತು. ತಣ್ಣೀರಿನಲ್ಲಿ ಮುಳುಗಿಸಿದರೆ ಕಾವು ಇಳಿಯುತ್ತದೆ ಎಂದಳು ಅಜ್ಜಿ. ಹಿತ್ತಲ ಕಟ್ಟೆಯಿಂದ ಅವ್ವ ಅಂದು ಎರಡು ತಿಂಗಳಲ್ಲಿ ಮೊದಲ ಸಲ ಗಟ್ಟಿಯಾಗಿ ಮಾತಾಡಿದಳು:

“ಯಾರೂ ಅದರ ಮೈಗೆ ಕೈ ಹಚ್ಚಬ್ಯಾಡ್ರಿ.”

ಲೈನಿನ ಹೆಂಗಸರು ಕೋಳಿಗೂ ಅವ್ವನಿಗೂ ಹೋಲಿಕೆ ಕಟ್ಟಿ ನಳದ ಬಳಿ ಆಡಿಕೊಂಡದ್ದನ್ನು ನಾನೇ ಕೇಳಿದೆ. ಕೊಡ ಅಲ್ಲಿಯೇ ಬಿಟ್ಟು ಬಂದೆ. ಅಪ್ಪನೂ ಕೇಳಿರಬೇಕು. ಅಪ್ಪ ಮೆದು ಮನುಷ್ಯ. ತಾಯಿಗೂ ಹೆಂಡತಿಗೂ ನಡುವೆ ಮಾತು ಹತ್ತಿತೆಂದರೆ ಸೈಕಲ್ಲಿನ ಗಾಲಿಗೆ ಗಾಳಿ ಹೊಡೆಯುತ್ತ ಅಂಗಳದಲ್ಲಿ ನಿಲ್ಲುವವನು. ಆ ವಾರ ದನದ ದವಾಖಾನೆಗೆ ಧಾರವಾಡದ ಕಡೆಯಿಂದ ಕೋಳಿಮರಿಗಳು ಬಂದಿವೆ, ಹುಟ್ಟಿದ ದಿನವೇ ಸೂಜಿ ಹಾಕಿದ ಮರಿಗಳು ಎಂದು ಯಾರೋ ಹೇಳಿದ್ದೇ ತಡ, ಶಿಫ್ಟು ಮುಗಿಸಿ ರಟ್ಟಿನ ಪೆಟ್ಟಿಗೆಯೊಂದನ್ನು ಎದೆಗವಚಿಕೊಂಡು ಬಂದ. ಪೆಟ್ಟಿಗೆಗೆ ತೂತು ಕೊರೆದಿತ್ತು. ಒಳಗೆ ಹನ್ನೆರಡು ಮರಿ. ಅಜ್ಜಿ ಬಗ್ಗಿ ನೋಡಿದಳು.

“ತಾಯಿ ಇಲ್ಲ ತಂದಿ ಇಲ್ಲ, ಮಶೀನಿನಾಗ ಹುಟ್ಟಿದ್ದು. ಇವನ್ನ ಕೋಳಿ ಹತ್ರ ಸೇರಿಸ್ಕೊಂತೈತೇನೋ ಹುಚ್ಚಪ್ಯಾಲಿ? ಕುಕ್ಕಿ ಕೊಲ್ಲತೈತಿ.”

ಅಪ್ಪ ಅಂದು ಸೈಕಲ್ಲಿನ ಕಡೆ ಹೋಗಲಿಲ್ಲ. ಪೆಟ್ಟಿಗೆಯನ್ನು ಅವ್ವನ ಮಡಿಲಲ್ಲಿಟ್ಟು ನಿಂತ. ಒಂದು ಮರಿ ಅವಳ ಬಳೆಯನ್ನು ಕುಕ್ಕಿತು. ಅವ್ವ ಅದನ್ನು ನೋಡಿದಳು, ಬಹಳ ಹೊತ್ತು. ಆಮೇಲೆ ಎದ್ದು ಒಳಗೆ ಹೋಗಿ ಅಗ್ಗಿಷ್ಟಿಕೆಗೆ ಕೆಂಡ ಹಾಕಿಕೊಂಡು ಬಂದಳು.

ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ನನ್ನ ಬಾಲ್ಯದಲ್ಲಿ ನಾನು ಕಂಡ ಅತ್ಯಂತ ಚಂದದ ಕೆಲಸ ಅದು. ದೀಪ ಹಚ್ಚುವ ಹೊತ್ತು. ಕೋಳಿಗೆ ಕಣ್ಣು ಮಂಜಾಗುವ ಹೊತ್ತಿಗೇ ಮರಿ ಸೇರಿಸಬೇಕು, ಬೆಳಕಿದ್ದರೆ ಪರಕೀಯ ಎಂದು ಗುರುತು ಹಿಡಿಯುತ್ತದೆ ಎಂದಳು ಅವ್ವ. ಎರಡೂ ಕೈಗಳನ್ನು ಕೆಂಡದ ಮೇಲೆ ಕಾಯಿಸಿಕೊಂಡು, ಕೆನ್ನೆಗೆ ಒತ್ತಿ ನೋಡಿ, ಒಂದೊಂದೇ ಮರಿಯನ್ನು ಅಂಗೈಯಲ್ಲಿ ಮುಚ್ಚಿಕೊಂಡು, ಹಿಂಬದಿಯಿಂದ ಬೂದವ್ವನ ಹೊಟ್ಟೆಯ ಅಡಿಗೆ ಸರಿಸಿದಳು. ಮೊದಲನೆಯದಕ್ಕೆ ಬೂದವ್ವ ಗುರ್ರೆಂದಿತು. ಎರಡನೆಯದಕ್ಕೆ ಕತ್ತು ಹೊರಳಿಸಿತು. ಮೂರನೆಯದು ರೆಕ್ಕೆಯಡಿಯಿಂದ ಕೀಚ್ ಎಂದಾಗ ಬೂದವ್ವನ ಗಂಟಲಿನಿಂದ ಬೇರೆಯದೇ ಒಂದು ದನಿ ಬಂತು, ಕುರ್ ಕುರ್ ಎಂದು, ಮೆಲ್ಲಗೆ. ಮರಿಗಳನ್ನು ಕರೆಯುವ ದನಿ. ಅವ್ವ ನನ್ನ ಕಡೆ ತಿರುಗಿದಳು.

“ಕೇಳಿದೇನ ರತ್ನಾ? ತನ್ನವ ಅಂತ ಒಪ್ಪಿಕೊಂತು.”

ಮಾರನೆಯ ದಿನ ನನ್ನ ಜಡೆ ಸರಿಯಾಗಿ ಬಿತ್ತು. ಅವ್ವ ಎರಡು ರೊಟ್ಟಿ ತಿಂದಳು. ಜೋಳದ ನುಚ್ಚು ಕುಟ್ಟಿ, ನದಿಯ ಕಡೆಯ ಹುತ್ತದಿಂದ ಗೆದ್ದಲು ಕೆದರಿ ತಂದು, ಬೂದವ್ವ ಕೊಕ್ಕಿನಿಂದ ತೋರಿಸಿ ತೋರಿಸಿ ಮರಿಗಳಿಗೆ ತಿನ್ನಿಸುವುದನ್ನು ನೋಡುತ್ತ ಕೂರುತ್ತಿದ್ದಳು. ಅದೇ ಕಟ್ಟೆ, ಅದೇ ಹೆಂಗಸು, ಆದರೆ ಈಗ ಅಲ್ಲಿಂದ ಮಾತು ಕೇಳುತ್ತಿತ್ತು. ಅಪ್ಪ ಕೂಡ ಅಂಗಳದಲ್ಲಿ ಸಿಳ್ಳೆ ಹಾಕಿದ್ದು ನನಗೆ ನೆನಪಿದೆ. ಅವ್ವ ಮರಳಿ ಬಂದಿದ್ದಳು. ಅವಳು ಮತ್ತೆ ಹೋಗದಂತೆ ನೋಡಿಕೊಳ್ಳುವುದಷ್ಟೇ ನನ್ನ ಕೆಲಸ ಎಂದು ನಾನು ಅಂದುಕೊಂಡೆ. ಹತ್ತು ವರ್ಷದ ತಲೆಗೆ ಅದು ಸಣ್ಣ ಕೆಲಸವಲ್ಲ.

ಹುಟ್ಟಿದ ದಿನ ಹಾಕಿದ ಸೂಜಿ ಒಂದು ರೋಗಕ್ಕೆ. ಕೋಳಿಗಳನ್ನು ಸಾಲಾಗಿ ಕೊಲ್ಲುವ ಕೊಕ್ಕರೆ ರೋಗಕ್ಕೆ ಬೇರೆ ಔಷಧ, ಮರಿಗೆ ಒಂದು ವಾರವಾದ ಮೇಲೆ ಕಣ್ಣಿಗೆ ಒಂದೊಂದು ಹನಿ ಹಾಕಬೇಕೆಂದು ದವಾಖಾನೆಯ ಕಂಪೌಂಡರು ಅಪ್ಪನಿಗೆ ಹೇಳಿ ಕಳಿಸಿದ್ದರು. ಆ ದಿನ ಅಪ್ಪನಿಗೆ ಫಸ್ಟ್ ಶಿಫ್ಟು. ಅವನ ಚಹಾದ ಫ್ಲಾಸ್ಕು ಹಿಡಿದುಕೊಂಡು ನಾನೇ ಹೋದೆ. ಕಂಪೌಂಡರು ದೊಡ್ಡ ಬಾಟಲಿಯಿಂದ ಸಣ್ಣದೊಂದಕ್ಕೆ ಔಷಧ ಇಳಿಸಿ, ಫ್ಲಾಸ್ಕಿಗೆ ಬರ್ಫ ತುಂಬಿ, ಅದರ ನಡುವೆ ಬಾಟಲಿ ಹುಗಿದು, ಬಿರಡೆ ಬಿಗಿದು ನನ್ನ ಕೈಗಿಟ್ಟರು.

“ಹಾಕೋ ತನಕ ಬರ್ಫದಾಗ ಇರಬೇಕು ನೋಡ ತಂಗಿ. ಬಿಸಿ ತಾಗಿತಂದ್ರ ಔಷಧ ಸತ್ತಹೋತು, ಬರೇ ನೀರು. ಮನಿಗೆ ಹೋದ ಕೂಡ್ಲೆ ತಣ್ಣಗಿದ್ದಂಗ ಹಾಕ್ರಿ ಅಂತ ಅವ್ವಗ ಹೇಳು. ಏನಂತ ಹೇಳತಿ? ಹೇಳಿ ತೋರಸು.”

ನಾನು ಒಂದಕ್ಷರ ಬಿಡದೆ ಹೇಳಿ ತೋರಿಸಿದೆ. ಶಾಣ್ಯಾ ಹುಡುಗಿ ಎಂದು ಅವರು ತಲೆ ಸವರಿದರು. ದಾರಿಯುದ್ದಕ್ಕೂ, ಬಿದಿರು ತುಂಬಿದ ಲಾರಿಗಳಿಗೆ ಬದಿಗೆ ಸರಿಯುತ್ತ, ಅದೇ ಮಾತನ್ನು ಬಾಯಿಪಾಠದ ಹಾಗೆ ಹೇಳಿಕೊಳ್ಳುತ್ತಲೇ ಬಂದೆ.

ಅವ್ವ ಹಿತ್ತಲಿನಲ್ಲಿ ಸಿದ್ಧವಾಗಿ ಕೂತಿದ್ದಳು. ಬೂದವ್ವನನ್ನು ಬುಟ್ಟಿ ಕವುಚಿ ಮುಚ್ಚಿ, ಮರಿಗಳನ್ನು ಮಡಿಲಿಗೆ ಹಾಕಿಕೊಂಡಿದ್ದಳು. ಪಕ್ಕದಲ್ಲಿ ಅಗ್ಗಿಷ್ಟಿಕೆ, ಕೈ ಕಾಯಿಸಿಕೊಳ್ಳಲು. ಫ್ಲಾಸ್ಕಿನಿಂದ ಬಾಟಲಿ ತೆಗೆದವಳೇ ಬೆಚ್ಚಿ ಇನ್ನೊಂದು ಕೈಗೆ ಬದಲಿಸಿಕೊಂಡಳು. ಒಂದು ಹನಿಯನ್ನು ತನ್ನ ಮುಂಗೈ ಮೇಲೆ ಬಿಟ್ಟುಕೊಂಡಳು. ಕೂಸಿಗೆ ಹಾಲು ಕುಡಿಸುವ ಮುಂಚೆ ಮಾಡುವ ಹಾಗೆ.

“ಇಷ್ಟು ತಣ್ಣಗ? ಕಣ್ಣಾಗ?”

ಅಡುಗೆಮನೆಯ ಬಾಗಿಲಲ್ಲಿ ಅಜ್ಜಿ ನಿಂತಿದ್ದಳು. ಎಲೆಯಡಿಕೆ ಅಗಿಯುತ್ತ, ಯಾವ ಅವಸರವೂ ಇಲ್ಲದೆ ಹೇಳಿದಳು:

“ಹಾಕು, ಹಾಕು. ತಣ್ಣಗಿಂದು ಹಾಕೂದು ನಿನಗೇನು ಹೊಸಾದಲ್ಲ.”

ಅವ್ವ ಬಾಟಲಿಯನ್ನು ಮರಿಗಳಿಂದ ದೂರ ಹಿಡಿದಳು. ಮುಖ ಹಿಂದಿನ ಹಾಗೆ ಆಗುವುದನ್ನು ನಾನು ಕಂಡೆ. ಕಟ್ಟೆಯ ಮೇಲಿನ ಆ ಎರಡು ತಿಂಗಳ ಮುಖ, ಕಣ್ಣಿನಿಂದ ಶುರುವಾಗಿ ಕೆಳಗಿಳಿಯುತ್ತಿತ್ತು. ಅವಳು ನನ್ನನ್ನು ಕೇಳಿದಳು:

“ಬಿಸಿ ಮಾಡಬ್ಯಾಡ್ರಿ ಅಂತ ಏನರೆ ಹೇಳ್ಯಾರೇನ ಕಂಪೌಂಡರು?”

“ಇಲ್ಲ. ಏನೂ ಹೇಳಿಲ್ಲ.”

ಎಷ್ಟು ಸಲೀಸಾಗಿ ಬಂತು ಆ ಮಾತು. ಯಾಕೆ ಹಾಗೆ ಹೇಳಿದೆ ಎಂದು ನನ್ನನ್ನು ನಾನು ಕೇಳಿಕೊಳ್ಳದ ವರ್ಷವಿಲ್ಲ. ಅಜ್ಜಿಯ ಎದುರು ಅವ್ವ ಇನ್ನೊಮ್ಮೆ ತಣ್ಣಗಿನ ಕೈಯವಳು ಆಗಬಾರದಿತ್ತು, ಅದು ನಿಜ. ಅವಳ ಮುಖ ಬದಲಾಗುವುದನ್ನು ನಿಲ್ಲಿಸಬೇಕಿತ್ತು, ಅದೂ ನಿಜ. ಆದರೆ ಇನ್ನೊಂದೂ ಇದೆ. ಅಂಗೈಯಷ್ಟಿಲ್ಲದ ಆ ಜೀವಗಳಿಗೆ ಬರ್ಫದಂಥ ಹನಿ ಹಾಕಿದರೆ ಸತ್ತೇ ಹೋಗುತ್ತವೆ ಎಂದು ನಾನೂ ನಂಬಿದ್ದೆ. ಕಂಪೌಂಡರಿಗೆ ದನಗಳ ಬಗ್ಗೆ ಗೊತ್ತು, ಕೂಸುಗಳ ಬಗ್ಗೆ ಅವರಿಗೇನು ಗೊತ್ತು ಅಂದುಕೊಂಡೆ. ಆ ಮನೆಯಲ್ಲಿ ಬೆಳೆದ ಯಾರೇ ಆದರೂ ಹಾಗೆಯೇ ಅಂದುಕೊಳ್ಳುತ್ತಿದ್ದರು.

ಅವ್ವ ಬಾಟಲಿಯನ್ನು ಬಿಸಿನೀರಿನ ಬಟ್ಟಲಿನಲ್ಲಿಟ್ಟು, ಬಟ್ಟಲನ್ನು ಕೆಂಡದ ಅಂಚಿಗಿಟ್ಟಳು. ಮತ್ತೆ ಮತ್ತೆ ಮುಂಗೈ ಮೇಲೆ ಹನಿ ಬಿಟ್ಟು ನೋಡಿದಳು. ಸರಿಯಾಗಿ ಬೆಚ್ಚಗಾದ ಮೇಲೆ ಹನ್ನೆರಡು ಮರಿಗಳ ಕಣ್ಣಿಗೂ ಒಂದೊಂದು ಹನಿ, ಬೂದವ್ವನಿಗೂ ಒಂದು, ಉಳಿದ ಕೋಳಿಗಳಿಗೂ. ಒಂದೂ ಮರಿ ಕೊಸರಾಡಲಿಲ್ಲ. ಅಜ್ಜಿ ನೋಡಿ, ಎಲೆಯಡಿಕೆ ಉಗಿದು ಒಳಗೆ ಹೋದಳು. ಆ ಮನೆಯಲ್ಲಿ ಅವ್ವ ಗೆದ್ದ ಒಂದೇ ದಿನ ಅದು.

ಮೂರು ವಾರದ ಮೇಲೆ ಲೈನಿನ ಆ ತುದಿಯ ಮನೆಯಿಂದ ಕೋಳಿಗಳು ಸಾಯತೊಡಗಿದವು. ಕೋಳಿಗೆ ಬ್ಯಾನಿ ಬಂದಿದೆ ಎಂದು ಜನ ಇದ್ದವನ್ನು ಕೊಯ್ದರು, ಕೆಲವರು ಬುಟ್ಟಿಯಡಿ ಮುಚ್ಚಿ ಇಟ್ಟರು, ಒಬ್ಬಿಬ್ಬರು ಹಳಿಯಾಳದ ನೆಂಟರ ಮನೆಗೆ ಸಾಗಿಸಿದರು. ನಮ್ಮವು ಮಾತ್ರ ಹಿತ್ತಲ ತಟ್ಟಿ ದಾಟಿ ಎಂದಿನಂತೆ ಮೇಯುತ್ತಿದ್ದವು. ಪಕ್ಕದ ಮನೆಯ ಹೆಂಗಸು ಕೇಳಿದಾಗ ಅವ್ವ ಹೇಳಿದ್ದನ್ನು, ಹೇಳುವಾಗ ಸೆರಗು ಸರಿಮಾಡಿಕೊಂಡಿದ್ದನ್ನು ನಾನು ಮರೆತಿಲ್ಲ.

“ನಮ್ಮವಕ್ಕ ಏನೂ ಆಗಂಗಿಲ್ರಿ. ಹನಿ ಹಾಕೇನಿ, ನನ್ನ ಕೈಯಾರೆ.”

ಹೇಳಬೇಕಿತ್ತು. ಆಗಲಾದರೂ ಹೇಳಿದ್ದರೆ ಕೋಳಿಗಳನ್ನು ಬುಟ್ಟಿಯಡಿ ಮುಚ್ಚಿಡಬಹುದಿತ್ತು, ಇನ್ನೊಮ್ಮೆ ಔಷಧ ತರಬಹುದಿತ್ತು. ನಾನು ಹಿತ್ತಲಿಗೆ ಹೋಗುವುದನ್ನೇ ಬಿಟ್ಟೆ. ಹೊಟ್ಟೆನೋವೆಂದು ಮುಂಗೋಣೆಯಲ್ಲಿ ಮಲಗಿದೆ. ಅಜ್ಜಿ ಅಜವಾನದ ಕಷಾಯ ಕುಡಿಸಿದಳು, ಬಿಸಿಬಿಸಿಯಾಗಿ.

ಮೊದಲು ಒಂದು ಮರಿ ರೆಕ್ಕೆ ಇಳಿಬಿಟ್ಟು ಮೂಲೆಗೆ ನಿಂತಿತು. ಮರುದಿನ ಹಸಿರು ಹಿಕ್ಕೆ ಹಾಕುತ್ತ ಐದು. ಬಾಯಿ ತೆರೆದು ಉಸಿರಿಗೆ ಒದ್ದಾಡುತ್ತಿದ್ದವು, ಕತ್ತು ತಿರುಚಿಕೊಂಡು ಆಕಾಶ ನೋಡುತ್ತಿದ್ದವು. ಅವ್ವ ಬೆಳ್ಳುಳ್ಳಿ ಅರೆದು ಕುಡಿಸಿದಳು, ಅರಿಶಿನ ಕುಡಿಸಿದಳು, ಮಡಿಲಲ್ಲಿಟ್ಟುಕೊಂಡು ಅಗ್ಗಿಷ್ಟಿಕೆಯ ಮುಂದೆ ಕೂತಳು. ಆ ಉಸಿರಿನ ಸದ್ದು ನಮ್ಮ ಮನೆಗೆ ಪರಿಚಯದ್ದಾಗಿತ್ತು. ನಾಲ್ಕು ದಿನದಲ್ಲಿ ಹನ್ನೆರಡು ಮರಿಗಳೂ ಹೋದವು, ಬೂದವ್ವನೊಂದನ್ನು ಬಿಟ್ಟು ದೊಡ್ಡ ಕೋಳಿಗಳೂ. ಬೂದವ್ವ ಕೊನೆಯ ಮೂರು ಮರಿಗಳ ಮೇಲೆ ರೆಕ್ಕೆ ಹರಡಿ ಕೂತಿತ್ತು, ಅವು ಸೆಟೆದುಕೊಂಡ ಮೇಲೂ. ಅಪ್ಪ ಎತ್ತಲು ಹೋದರೆ ಏಳಲು ತ್ರಾಣವಿಲ್ಲದಿದ್ದರೂ ಗುರುಗುಟ್ಟಿತು. ಮಾರನೆಯ ಬೆಳಿಗ್ಗೆ ಅದೂ ಇರಲಿಲ್ಲ. ಅಪ್ಪ ಹಿತ್ತಲ ಮೂಲೆಯಲ್ಲಿ ಕುಣಿ ತೋಡಿ, ಸುಣ್ಣ ಹಾಕಿ, ಎಲ್ಲವನ್ನೂ ಒಟ್ಟಿಗೆ ಮುಚ್ಚಿದ. ಅವ್ವ ಕಟ್ಟೆಯ ಮೇಲೆ ಕೂತು ತನ್ನ ಎರಡು ಅಂಗೈಗಳನ್ನೂ ನೋಡಿಕೊಳ್ಳುತ್ತಿದ್ದಳು.

ಅಜ್ಜಿ ಆಡಿಕೊಳ್ಳುತ್ತಾಳೆ ಎಂದು ನಾನು ಕಾದಿದ್ದೆ. ಆಡಿಕೊಂಡಿದ್ದರೆ ಒಳ್ಳೆಯದಿತ್ತು, ಅವ್ವ ಸಿಟ್ಟಿಗಾದರೂ ಎದ್ದು ನಿಲ್ಲುತ್ತಿದ್ದಳು. ಆದರೆ ಅಜ್ಜಿ ಮೊಣಕಾಲು ಹಿಡಿದುಕೊಂಡು ಹಿತ್ತಲಿಗೆ ಇಳಿದು ಬಂದು, ಆ ಮನೆಗೆ ಸೊಸೆ ಬಂದಂದಿನಿಂದ ಮೊದಲ ಬಾರಿಗೆ, ಅವಳ ಪಕ್ಕ ಕೂತು ಬೆನ್ನ ಮೇಲೆ ಕೈಯಿಟ್ಟಳು. ದನಿಯಲ್ಲಿ ಕುಹಕವಿರಲಿಲ್ಲ.

“ಅಳಬ್ಯಾಡ ನನ್ನವ್ವ. ನೀ ಏನ ಮಾಡತಿ? ಒಬ್ಬೊಬ್ಬರ ಕೈಗುಣನ ಹಂಗ ಇರತೈತಿ.”

ಬೈಗುಳವಾಗಿದ್ದರೆ ಅವ್ವ ನಂಬುತ್ತಿರಲಿಲ್ಲವೇನೋ. ಅಂತಃಕರಣದಿಂದ ಹೇಳಿದ್ದನ್ನು ನಂಬಿಬಿಟ್ಟಳು. ಅಂದಿನಿಂದ ಅವಳು ಬೆಳೆಯುವ ಯಾವುದನ್ನೂ ಮುಟ್ಟಲಿಲ್ಲ. ಹಾಲಿಗೆ ಹೆಪ್ಪು ಹಾಕುವುದು ನನ್ನ ಪಾಲಿಗೆ ಬಂತು, ತನ್ನ ಕೈಯಲ್ಲಿ ಮೊಸರು ಕೂಡುವುದಿಲ್ಲ ಎಂದಳು. ತುಳಸಿಗೆ ನೀರು ನಾನೇ ಹಾಕಬೇಕು. ಕುಂಬಳದ ಬೀಜ ಊರುವುದಿದ್ದರೆ ಬೀಜದ ಪೊಟ್ಟಣವನ್ನು ಕೂಡ ಬಿಚ್ಚುತ್ತಿರಲಿಲ್ಲ. ಲೈನಿನಲ್ಲಿ ಯಾರದಾದರೂ ಕೂಸಿನ ನಾಮಕರಣಕ್ಕೆ ಹೋದರೆ ಎರಡೂ ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡು ಬಾಗಿಲಲ್ಲೇ ನಿಲ್ಲುವಳು. ರೊಟ್ಟಿ ಬಡಿದಳು, ಬಟ್ಟೆ ಒಗೆದಳು, ಅಜ್ಜಿ ಹಾಸಿಗೆ ಹಿಡಿದಾಗ ಅವಳ ಹೇಲುಚ್ಚೆ ಬಳಿದಳು. ಸಾಯುವವರ ಸೇವೆಗೆ ತನ್ನ ಕೈ ಆದೀತು ಎಂದು ಒಮ್ಮೆ ಅಂದಳು, ಅದೂ ಅಳದೆ.

ನಾನು ದಾದಿಯಾದೆ. ತರಬೇತಿಯ ಎರಡನೆಯ ತಿಂಗಳು ಲಸಿಕೆಯ ಪಾಠ. ಮೇಡಮ್ಮು ಬಾಟಲಿಯೊಂದನ್ನು ಎತ್ತಿ ಹಿಡಿದು, ಬಿಸಿ ತಾಗಿದರೆ ಇದು ಬರೀ ನೀರು ಎಂದರು. ಕಂಪೌಂಡರು ಹೇಳಿದ್ದೇ ಮಾತು. ನಾನು ಪಾಠದ ನಡುವೆಯೇ ಎದ್ದು ಹೊರಗೆ ಹೋದೆ. ಅಲ್ಲಿಯವರೆಗೂ ಎಲ್ಲೋ ಒಂದು ಕಡೆ, ಸಾಯುವುದು ಹೇಗಿದ್ದರೂ ಸಾಯುತ್ತಿದ್ದವು ಎಂಬ ಸಮಾಧಾನ ಇಟ್ಟುಕೊಂಡಿದ್ದೆ. ಆಮೇಲೆ ಮಳಗಿಯಲ್ಲಿ, ಜೋಯಿಡಾದಲ್ಲಿ, ಅಣಶಿಯ ಕಾಡಿನ ಮನೆಮನೆಗಳಿಗೆ, ಹೆಗಲಿಗೆ ಬರ್ಫದ ಡಬ್ಬಿ ನೇತುಹಾಕಿಕೊಂಡು ನಡೆದೆ. ನನ್ನ ಕೈ ಯಾವಾಗಲೂ ತಣ್ಣಗೇ. ಕೂಸುಗಳು ನನ್ನನ್ನು ಕಂಡರೆ ಅಳುತ್ತಿದ್ದವು, ಅಜ್ಜಿಯರು ಬೈಯುತ್ತಿದ್ದರು. ಬೈಸಿಕೊಂಡೇ ಹಾಕಿದೆ. ಒಂದು ಬಾಟಲಿಯನ್ನೂ ಬೆಚ್ಚಗಾಗಲು ಬಿಡಲಿಲ್ಲ. ಇದರಿಂದ ಯಾವ ಲೆಕ್ಕವೂ ಚುಕ್ತಾ ಆಗುವುದಿಲ್ಲ ಎಂದು ಮೊದಲ ದಿನವೇ ಗೊತ್ತಿತ್ತು. ಈಗ ಬೈಕಿನ ಮೇಲೆ ಬಣ್ಣ ಹಚ್ಚಿದ ಮರಿಗಳನ್ನು ಮಾರುತ್ತ ಬರುವವರ ಕೂಗು ಬೀದಿಯಲ್ಲಿ ಕೇಳಿದರೆ ಕಿಟಕಿ ಹಾಕಿಕೊಳ್ಳುತ್ತೇನೆ.

ಅವ್ವನಿಗೆ ಹೇಳಿದೆ. ಅಷ್ಟು ವರ್ಷ ಸುಮ್ಮನಿದ್ದು, ನನ್ನ ಮಗಳು ಹುಟ್ಟಿದಾಗ ಹೇಳಿದೆ. ಬಾಣಂತನಕ್ಕೆಂದು ಬಂದಿದ್ದಳು. ಅಡುಗೆ ಮಾಡಿದಳು, ನನಗೆ ಎರೆದಳು, ಕೂಸಿನ ಬಟ್ಟೆ ಒಗೆದು ಹೊಗೆಗೆ ಹಿಡಿದು ಮಡಚಿಟ್ಟಳು. ಕೂಸನ್ನು ಮಾತ್ರ ಮುಟ್ಟಲಿಲ್ಲ. ಕೂಸಿಗೆ ಎರೆಯಲು ಪಕ್ಕದ ಮನೆಯಾಕೆಯನ್ನು ಕರೆದು ತಂದಳು. ಹನ್ನೊಂದನೆಯ ದಿನ ಮಗಳು ತೊಟ್ಟಿಲಲ್ಲಿ ಒಂದೇ ಸಮನೆ ಅಳುತ್ತಿದ್ದಾಗ ಅವ್ವ ಎರಡು ಹೆಜ್ಜೆ ದೂರದಲ್ಲಿ, ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ನಿಂತಿದ್ದಳು. ಅಂದು ನಾನು ಎಲ್ಲವನ್ನೂ ಹೇಳಿದೆ. ಕಂಪೌಂಡರು ಹೇಳಿದ್ದು, ನಾನು ಹೇಳಿ ತೋರಿಸಿದ್ದು, ಮನೆಗೆ ಬಂದು ಸುಳ್ಳು ಹೇಳಿದ್ದು. ನಿನ್ನ ಕೈದು ಏನೂ ತಪ್ಪಿಲ್ಲವ್ವ, ನನ್ನ ಬಾಯಿದು ಎಂದೆ. ಅವ್ವ ಕೊನೆಯವರೆಗೂ ಕೇಳಿದಳು. ನಕ್ಕಳು. ಎಷ್ಟೋ ವರ್ಷದ ಮೇಲೆ ನಕ್ಕಳು, ನನ್ನ ಮೇಲಿನ ಪ್ರೀತಿಗೆ.

“ನನ್ನ ಸಮಾಧಾನಕ್ಕ ಎಷ್ಟು ಚಂದ ಕಟ್ಟಿ ಹೇಳತಿ ನೋಡ. ಆವತ್ತ ನಾ ನಿನ್ನ ಕೇಳಿದ್ದೆ ರತ್ನಾ, ಏನೂ ಹೇಳಿಲ್ಲ ಅಂದಿ. ಹತ್ತು ವರ್ಷದ ಕೂಸು ನೀ. ಕೂಸು ಸುಳ್ಳು ಹೇಳತೈತೇನ?”

ನಾನು ಅಳುತ್ತ ಮಗಳ ಮೇಲೆ ಆಣೆ ಇಟ್ಟೆ. ಅವಳು ಗಾಬರಿಯಾಗಿ, ಎಳೇ ಕೂಸಿನ ಮೇಲೆ ಆಣಿ ಇಡಬ್ಯಾಡ ಎಂದು ಬೈದಳು. ಆಮೇಲೆ ಬಗ್ಗಿ, ಅಗ್ಗಿಷ್ಟಿಕೆಯನ್ನು ಕಾಲಿನಿಂದ ಮೆಲ್ಲಗೆ ನನ್ನ ಮಂಚದ ಕಡೆ ಸರಿಸಿದಳು.

“ಅಳಾಕತ್ತೈತಿ, ನೀನ ಎತ್ಕೊ. ಕೈ ಕಾಸ್ಕೊಂಡ ಎತ್ಕೊ.”

ನಾನು ಕೈ ಕಾಯಿಸಿಕೊಂಡು ಮಗಳನ್ನು ಎತ್ತಿಕೊಂಡೆ. ಅವ್ವ ಆಮೇಲೆ ಒಂಬತ್ತು ವರ್ಷ ಬದುಕಿದ್ದಳು. ನನ್ನ ಮಗಳಿಗೆ ಅಜ್ಜಿಯ ಮುಖ, ದನಿ, ರೊಟ್ಟಿ ಎಲ್ಲ ನೆನಪಿದೆ. ಅಜ್ಜಿಯ ಕೈ ಹೇಗಿತ್ತೆಂದು ಅವಳಿಗೆ ಗೊತ್ತಿಲ್ಲ.